ಹರಿಗೋಲು ಹತ್ತಿದ ಕ್ಯಾಪ್ಟನ್ ಮಾವ

ನನ್ನ ಸೋದರಮಾವನಿಗೆ ಕ್ಯಾಪ್ಟನ್ ಪದವಿ ಸಿಕ್ಕಿದ್ದು ಕಂಪ್ಲಿ ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ. ಇಪ್ಪತ್ತೆರಡು ವರ್ಷ ಸರಕು ಹಡಗುಗಳಲ್ಲಿ ದುಡಿದು ಅವನು ಊರಿಗೆ ವಾಪಸಾಗಿದ್ದ. ಹೋಗುವಾಗ ಫಿಟ್ಟರ್ ಆಗಿ ಹೋದದ್ದು ಊರಿಗೆಲ್ಲ ಗೊತ್ತಿತ್ತು. ಅದಕ್ಕೂ ಮುಂಚೆ ದೋಣಿಮಲೈ ದಾರಿಯ ಒಂದು ಗ್ಯಾರೇಜಿನಲ್ಲಿ ಅದಿರು ಲಾರಿಗಳ ಅಡಿಯಲ್ಲಿ ಮಲಗಿಕೊಂಡೇ ಅವನ ಹಗಲು ಕಳೆಯುತ್ತಿತ್ತು. "ದೋಣಿ ಬಿಟ್ಟೆ, ಹಡಗ ಹತ್ತಿದೆ" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಆದರೆ ಇಪ್ಪತ್ತೆರಡು ವರ್ಷ ಅಂದರೆ ಕಡಿಮೆಯೇ? ಯಾವ ಕೆಲಸದಲ್ಲಾದರೂ ಅಷ್ಟು ವರ್ಷಕ್ಕೆ ಮನುಷ್ಯ ಮೇಲೇರಲೇಬೇಕು ಎಂಬುದು ಚಹಾದಂಗಡಿಯವರ ಲೆಕ್ಕ. ವರ್ಷಕ್ಕೊಮ್ಮೆ ಅವನು ರಜೆಗೆ ಬಂದಾಗೆಲ್ಲ ಅವರು ಅವನಿಗೆ ಒಂದೊಂದು ಬಡ್ತಿ ಕೊಡುತ್ತ ಹೋದರು. ಕಾಯಂ ಆಗಿ ಊರಿಗೆ ಬರುವ ಹೊತ್ತಿಗೆ ಅವನು ಕ್ಯಾಪ್ಟನ್ ಆಗಿದ್ದ.

ಮಾವ ತಾನಾಗಿ ಎಂದೂ ಸುಳ್ಳು ಹೇಳಲಿಲ್ಲ. "ಕ್ಯಾಪ್ಟನ್ ಸಾಹೇಬ್ರು ಬಂದ್ರು, ಕುರ್ಚಿ ಹಾಕ್ರಿ" ಎಂದು ಯಾರಾದರೂ ಅಂದರೆ ಅವನು ಸುಮ್ಮನೆ ಕುರ್ಚಿಯಲ್ಲಿ ಕೂರುತ್ತಿದ್ದ, ಅಷ್ಟೇ. ಆಮೇಲೆ ಕುರ್ಚಿಗೆ ತಕ್ಕಂತೆ ಮಾತು ತಾನೇ ಬೆಳೆಯುತ್ತಿತ್ತು. ಅಲೆಗಳು ಹೇಮಕೂಟ ಬೆಟ್ಟದಷ್ಟು ಎತ್ತರ ಏಳುತ್ತಿದ್ದವು. ಬಿರುಗಾಳಿಯಲ್ಲಿ ಹಡಗು ಕಾರ್ತೀಕದ ದೀಪದಂತೆ ತುಯ್ದಾಡುತ್ತಿತ್ತು. ಆಗ ಯಾರು ಕಾಪಾಡಿದರು ಎಂದು ಕೇಳಿದರೆ ಮಾವ ಚಹಾದ ಕಪ್ಪನ್ನು ಕೆಳಗಿಟ್ಟು ಸೀಲಿಂಗ್ ನೋಡುತ್ತಿದ್ದ. ಉತ್ತರವನ್ನು ಕೇಳಿದವರೇ ಕಂಡುಕೊಳ್ಳುತ್ತಿದ್ದರು.

ಇದೆಲ್ಲ ಕಂಪ್ಲಿಯಲ್ಲೇ ಉಳಿದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅದನ್ನು ಹೊಸಪೇಟೆಗೆ ತಂದವಳು ನಾನು.

ನಾನು ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವಿಜಯನಗರದ ಪಾಠದಲ್ಲಿ ಒಂದು ವಾಕ್ಯ ಬರುತ್ತದೆ: ಅರಬ್ಬರು, ಪೋರ್ಚುಗೀಸರು ಹಡಗುಗಳಲ್ಲಿ ಕುದುರೆಗಳನ್ನು ತರುತ್ತಿದ್ದರು. ಪ್ರತಿ ವರ್ಷ ಆ ವಾಕ್ಯದ ಹತ್ತಿರ ತರಗತಿ ನಿಂತುಬಿಡುತ್ತದೆ. ಕುದುರೆ ಹಡಗಿನಲ್ಲಿ ಎಲ್ಲಿ ನಿಲ್ಲುತ್ತದೆ, ಏನು ತಿನ್ನುತ್ತದೆ, ಅದಕ್ಕೆ ವಾಂತಿ ಬರುವುದಿಲ್ಲವೇ? ನಾನೋ ಹಡಗನ್ನು ಕಂಡವಳೇ ಅಲ್ಲ. ನಾನು ನೋಡಿದ ಅತಿ ದೊಡ್ಡ ನೀರು ಎಂದರೆ ಟಿ.ಬಿ. ಡ್ಯಾಮಿನದು. ಹೀಗಾಗಿ ಆ ವರ್ಷ ನಮ್ಮ ಹೆಡ್‌ಮೇಡಂ ಹತ್ತಿರ ಹೋಗಿ, "ನಮ್ಮ ಮಾವ ಹಡಗಿನಲ್ಲಿ ಇದ್ದವರು ಮೇಡಂ, ಕರೆಸೋಣವೇ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು, "ಏನಾಗಿದ್ರು?" ಎಂದರು. ನನ್ನ ಬಾಯಿಂದ ಬಂದದ್ದು ಊರಿನ ಮಾತೇ. "ಕ್ಯಾಪ್ಟನ್ ಅಂತಾರ್ರಿ."

ಮಾವ ಬಿಳಿ ಶರ್ಟು ಹಾಕಿಕೊಂಡು, ಅತ್ತೆಯನ್ನೂ ಕರೆದುಕೊಂಡು ಬಂದ. ಅವನ ಭಾಷಣವನ್ನು ನಮ್ಮ ಶಾಲೆಯಲ್ಲಿ ಇಂದಿಗೂ ನೆನೆಯುತ್ತಾರೆ. ಎಲ್ಲರೂ ಬಾಯಿ ತೆರೆದುಕೊಂಡು ಕೇಳಿದರು. ಕುದುರೆಯ ಪ್ರಶ್ನೆ ಬಂದಾಗ ಒಂದು ಗಳಿಗೆ ಅವನು ಸೀಲಿಂಗ್ ನೋಡಿದ. ಆಮೇಲೆ, "ಕುದುರಿಗೆ ನಿಂಬಿ ಉಪ್ಪಿನಕಾಯಿ ಕೊಡತಿದ್ರು. ದಿನಕ್ಕ ಎರಡು ಹೋಳು. ಹೊಟ್ಟಿ ತೊಳಸಂಗಿಲ್ಲ" ಎಂದ. ಹೆಡ್‌ಮೇಡಂ ಅದನ್ನು ಬರೆದುಕೊಂಡರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡುತ್ತಿದ್ದಳು.

ಚಪ್ಪಾಳೆ ಮುಗಿದ ಮೇಲೆ ಹೆಡ್‌ಮೇಡಂ ಎದ್ದು ನಿಂತು ಘೋಷಿಸಿದರು: ಬರುವ ರವಿವಾರ ಶಿಕ್ಷಕರೆಲ್ಲ ಹಂಪಿಗೆ ಹೋಗೋಣ, ಹರಿಗೋಲಿನಲ್ಲಿ ಒಂದು ಸುತ್ತು ಹಾಕೋಣ, ನಮ್ಮ ಜೊತೆ ಕ್ಯಾಪ್ಟನ್ನರೂ ಬರುತ್ತಾರೆ. ಮಾವನ ಕತ್ತಿನಲ್ಲಿ ಮಲ್ಲಿಗೆ ಹಾರ ಇತ್ತು. ಹಾರ ಹಾಕಿಕೊಂಡವನು ಆಗುವುದಿಲ್ಲ ಎನ್ನುವುದು ಕಷ್ಟ.

ರವಿವಾರ ಬೆಳಿಗ್ಗೆ ಕಡ್ಡಿರಾಂಪುರದಲ್ಲಿ ಗಾಡಿ ನಿಲ್ಲಿಸಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದೆವು. ಮಾವ ನಾಲ್ಕು ಮಿರ್ಚಿ ತಿಂದ. ಚಕ್ರತೀರ್ಥದ ಹತ್ತಿರ ನದಿಗೆ ಇಳಿದಾಗ ಬಿಸಿಲು ಇನ್ನೂ ಬಂಡೆಗಳ ತುದಿಯಲ್ಲೇ ಇತ್ತು. ಹರಿಗೋಲುಗಳು ದಡದಲ್ಲಿ ಮಗುಚಿ ಬಿದ್ದಿದ್ದವು. ಬಿದಿರಿನ ದೊಡ್ಡ ಬುಟ್ಟಿ, ಹೊರಗಡೆ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಡಾಂಬರು. ಅದಿಷ್ಟೇ ಅದರ ರಚನೆ. ಉಳಿದ ಶಿಕ್ಷಕರು ಮುಂದಿನ ಹರಿಗೋಲು ಹತ್ತಿದರು. ನಾನು, ಮಾವ, ಅತ್ತೆ, ಹೆಡ್‌ಮೇಡಂ ಹಿಂದಿನದಕ್ಕೆ. ನಮ್ಮ ಅಂಬಿಗ ಅರವತ್ತು ದಾಟಿದ ಅಜ್ಜ. ತೆಳ್ಳಗಿನ ಆಳು, ಕೈಯಲ್ಲಿ ಒಂದೇ ಒಂದು ಹುಟ್ಟು.

ಹೆಡ್‌ಮೇಡಂ ಅಜ್ಜನಿಗೆ ಪರಿಚಯ ಮಾಡಿಸಿದರು. "ಇವ್ರು ದೊಡ್ಡ ಹಡಗಿನ ಕ್ಯಾಪ್ಟನ್ರಿ."

ಅಜ್ಜ ಮಾವನನ್ನು ತಲೆಯಿಂದ ಕಾಲಿನವರೆಗೆ ನೋಡಿ ಕೈಮುಗಿದ. "ಭಾಳ ಸಂತೋಷ ಆತ್ರಿ. ಬರ್ರಿ, ನಟ್ಟ ನಡುವ ಕುಂದ್ರಿ. ದಂಡಿಗೆ ಕುಂತ್ರ ವಾಲತೈತಿ."

ಮಾವ ಕೂರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಹರಿಗೋಲನ್ನು ಒಂದು ಸುತ್ತು ಹಾಕಿ ನೋಡಿದ.

"ಇದರ ಮುಂದಿನ ಭಾಗ ಯಾವುದು?"

"ಇದಕ ಮುಂದ ಹಿಂದ ಇಲ್ರಿ" ಎಂದ ಅಜ್ಜ. "ನೀವು ಮಕ ಮಾಡಿದ ಕಡಿ ಮುಂದ."

ಅದರಲ್ಲಿ ತಪ್ಪೇನೂ ಹುಡುಕಲಾಗದೆ ಮಾವ ಗಂಭೀರವಾಗಿ ತಲೆಯಾಡಿಸಿದ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟಾಗ, "ನನಗ್ಯಾಕ?" ಎಂದು ನಕ್ಕ. ಅಜ್ಜ ಹಾಕಿಕೊಳ್ಳದಿದ್ದರೆ ಬಿಡುವುದಿಲ್ಲ ಎಂದದ್ದಕ್ಕೆ ಹಾಕಿಕೊಂಡ. ಹರಿಗೋಲು ದಡ ಬಿಟ್ಟು ನೀರಿನಲ್ಲಿ ಮೊದಲ ಸಲ ಓಲಾಡಿತು. ಮಾವ ಜಾಕೆಟ್ಟಿನ ಗಂಟನ್ನು ಬಿಗಿ ಮಾಡಿಕೊಂಡ. ಇನ್ನೊಮ್ಮೆ ಓಲಾಡಿದಾಗ, ಪಕ್ಕದಲ್ಲಿ ಬಿದ್ದಿದ್ದ ಇನ್ನೊಂದು ಜಾಕೆಟ್ಟನ್ನೂ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

ನದಿ ಶಾಂತವಾಗಿಯೇ ಇತ್ತು. ಬಂಡೆಗಳ ನಡುವೆ ನೀರು ಹಸಿರಾಗಿ ನಿಂತಂತೆ ಕಾಣುತ್ತಿತ್ತು. ಅಜ್ಜ ಹುಟ್ಟು ಹಾಕುತ್ತ ಸಣ್ಣ ದನಿಯಲ್ಲಿ, "ಇದು ಎಂಟು ಆಳುದ್ದ ಐತ್ರಿ ಇಲ್ಲಿ" ಎಂದ. ಹೆಡ್‌ಮೇಡಂ ಸಂತೋಷಪಟ್ಟರು. ಮಾವ ಪಡಲಿಲ್ಲ.

ಮುಂದಿನ ಹರಿಗೋಲಿನಲ್ಲಿದ್ದ ನಮ್ಮ ಶಿಕ್ಷಕರು ಅಷ್ಟರಲ್ಲಿ ಕೂಗಲು ಶುರು ಮಾಡಿದ್ದರು. ಅವರ ಅಂಬಿಗ ಹರಿಗೋಲನ್ನು ಬುಗುರಿಯ ಹಾಗೆ ತಿರುಗಿಸುತ್ತಿದ್ದ. ಪ್ರವಾಸಿಗಳಿಗೆ ಅದು ಇಷ್ಟ. ಹೆಡ್‌ಮೇಡಂ ಕೈ ತಟ್ಟಿ, "ಅಜ್ಜ, ನಮಗೂ ತಿರುಗ್ಸು!" ಎಂದರು. ಮಾವ "ಬ್ಯಾಡ" ಎಂದದ್ದು ನನಗೆ ಕೇಳಿಸಿತು. ಅಜ್ಜನಿಗೆ ಕೇಳಿಸಲಿಲ್ಲ.

ಮೊದಲ ಸುತ್ತಿಗೆ ಮಾತಂಗ ಬೆಟ್ಟ ಬಂತು, ಆಮೇಲೆ ಅಂಜನಾದ್ರಿಯ ಕಡೆ, ಮತ್ತೆ ಮಾತಂಗ. ಮೂರನೆಯ ಸುತ್ತಿಗೆ ಎಲ್ಲ ಬೆಟ್ಟಗಳೂ ಕಲಸಿಕೊಂಡವು. ಏಳನೆಯ ಸುತ್ತಿಗೆ ಮಾವ ಹರಿಗೋಲಿನ ಅಂಚಿಗೆ ಬಾಗಿ ನಾಲ್ಕು ಮಿರ್ಚಿಯನ್ನೂ ತುಂಗಭದ್ರೆಗೆ ಒಪ್ಪಿಸಿದ.

ಅಜ್ಜ ಗಾಬರಿಯಾಗಿ ಹುಟ್ಟು ಒತ್ತಿ ತಿರುಗುವುದನ್ನು ನಿಲ್ಲಿಸಿದ. "ಏನ್ರಿ ಸಾಹೇಬ್ರ, ಸಮುದ್ರ ತಡಕೊಂಡೋರು..."

"ಹಡಗು ಉಯ್ಯಾಲಿ ಆಡತೈತಲೇ" ಎಂದ ಮಾವ ಏದುಸಿರು ಬಿಡುತ್ತ. "ಹಿಂಗ ಗಿರಗಿಟ್ಟಿ ಆಡಂಗಿಲ್ಲ!"

ಹೆಡ್‌ಮೇಡಂ ನಿಜವಾದ ಕಾಳಜಿಯಿಂದ ತಮ್ಮ ಬುತ್ತಿಯ ಡಬ್ಬಿ ತೆರೆದರು. "ಒಂದು ಹೋಳು ನಿಂಬೆ ಉಪ್ಪಿನಕಾಯಿ ಬಾಯಿಗೆ ಹಾಕ್ಕೊಳ್ರಿ. ನೀವೇ ಹೇಳಿದ್ರಲ್ಲ."

"ಕುದುರಿಗೆ ಅಂದಿದ್ದೆ ಮೇಡಂ" ಎಂದ ಮಾವ ಕಣ್ಣು ಮುಚ್ಚಿಕೊಂಡೇ. "ಅದೂ ನನಗ ಗೊತ್ತಿಲ್ಲ. ಸುಮ್ನ ಅಂದೆ."

ಹೆಡ್‌ಮೇಡಂ ಡಬ್ಬಿಯ ಮುಚ್ಚಳ ಹಾಕಿದರು. ಹುಟ್ಟಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾವ ಹಾಗೇ, ತಲೆ ತಗ್ಗಿಸಿಕೊಂಡೇ ಮುಂದುವರಿಸಿದ.

"ನಾ ಕ್ಯಾಪ್ಟನ್ ಅಲ್ರಿ. ಇಂಜಿನ್ ರೂಮಿನ್ಯಾಗ ಫಿಟ್ಟರ್ ಇದ್ದೆ. ಮದಲಿಂದ ಕಡೀತನಕ ಫಿಟ್ಟರ್. ಅಲ್ಲಿ ಕಿಟಕಿ ಸೈತ ಇರಂಗಿಲ್ಲ. ನೀರು ಗ್ವಾಡಿ ಆಚಿ ಕಡಿ ಇರ್ತಿತ್ತು, ಕಾಣತಿದ್ದಿಲ್ಲ. ಇಲ್ಲಿ ನೋಡ್ರಿ, ನಾಕು ಬೆರಳ ದೂರ ಐತಿ."

ನನಗೆ ನಾಚಿಕೆಯಾಯಿತು. ಅವನ ಬಗ್ಗೆ ಅಲ್ಲ, ನನ್ನ ಬಗ್ಗೆ. "ಅಂತಾರ್ರಿ" ಎಂದು ಹೇಳಿ ಅವನನ್ನು ಆ ವೇದಿಕೆಗೆ ಹತ್ತಿಸಿದ್ದು ನಾನೇ. ಅತ್ತೆಯ ಕಡೆ ತಿರುಗಿದೆ. ಅವಳು ಆರಾಮಾಗಿ ಸೆರಗಿನಿಂದ ಗಂಡನ ಬಾಯಿ ಒರೆಸುತ್ತಿದ್ದಳು.

"ನಿನಗೆ ಗೊತ್ತಿತ್ತಾ ಅತ್ತಿ?"

"ಗೊತ್ತಿಲ್ದ ಏನ? ರಜಾಕ್ಕ ಬಂದಾಗ ಇವರ ಅರಿವಿ ಒಗದಾಕಿ ನಾನು. ಕ್ಯಾಪ್ಟನ್ ಅರಿವ್ಯಾಗ ಅಷ್ಟು ಎಣ್ಣಿ ಇರ್ತೈತೇನು?"

ಮಾವ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಇಷ್ಟು ವರ್ಷ ಅವಳು ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. "ಮತ್ತ ಯಾಕ ಸುಮ್ನಿದ್ದಿ?"

"ನೀವು ಖುಷಿಲೆ ಕುಂತಿರತಿದ್ರಿ. ಎಬ್ಬಿಸೂದು ಯಾಕ ಅಂತ."

ಹೆಡ್‌ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹರಿಗೋಲಿನ ತಳ ಒಂದು ಬಂಡೆಗೆ ತಾಗಿ 'ಕರ್' ಎಂದಿತು. ಮಾತು ಕೇಳುತ್ತ ಅಜ್ಜನೂ ಹುಟ್ಟು ಹಾಕುವುದನ್ನು ಮರೆತಿದ್ದ. ನೀರಿನಡಿ ಅಡಗಿದ್ದ ಬಂಡೆಯ ಮೇಲೆ ನಾವು ಸವರಿಕೊಂಡು ಹೋಗಿದ್ದೆವು. ಸ್ವಲ್ಪ ಹೊತ್ತಿಗೆ ನನ್ನ ಪಾದ ತಣ್ಣಗಾಯಿತು. ನೋಡಿದರೆ ತಳದಲ್ಲಿ ಅಂಗೈಯಗಲ ನೀರು ಹರಡುತ್ತಿದೆ.

"ಅಂಜಬ್ಯಾಡ್ರಿ, ದಡ ಐತಿ" ಎಂದು ಅಜ್ಜ ಜೋರಾಗಿ ಹುಟ್ಟು ಹಾಕತೊಡಗಿದ. ದಡ ಇತ್ತು ನಿಜ, ಆದರೆ ಇನ್ನೂ ದೂರದಲ್ಲಿತ್ತು. ಹೆಡ್‌ಮೇಡಂ ಚಪ್ಪಲಿ ಕೈಗೆತ್ತಿಕೊಂಡು ದೇವರ ಹೆಸರು ಹೇಳತೊಡಗಿದರು.

ಆಗ ಮಾವನ ಮುಖ ಬದಲಾಯಿತು. ಸೋರುವುದನ್ನು ಕಂಡರೆ ಹೆದರುವವನು ಅವನಲ್ಲ. ಸೋರುವ ಪೈಪುಗಳನ್ನು ಮುಚ್ಚುವುದೇ ಅವನ ಇಪ್ಪತ್ತೆರಡು ವರ್ಷದ ದುಡಿಮೆ. ಮೊಣಕಾಲೂರಿ, ಅಂಗೈಯನ್ನು ತಳದ ಮೇಲೆ ನಿಧಾನವಾಗಿ ಸರಿಸುತ್ತ ಹೋದ. ಕಣ್ಣು ಎಲ್ಲೋ ನೋಡುತ್ತಿತ್ತು, ಕೈ ಮಾತ್ರ ಹುಡುಕುತ್ತಿತ್ತು. "ಸಿಕ್ತು" ಎಂದ. ಎರಡು ಬಿದಿರು ಪಟ್ಟಿಗಳ ನಡುವೆ ಹೊದಿಕೆ ಹರಿದಿತ್ತು.

"ಲೇ, ರೊಟ್ಟಿ ಕಟ್ಟಿದ ಅರಿವಿ ಕೊಡು."

ಅತ್ತೆ ರೊಟ್ಟಿಗಳನ್ನು ಹೆಡ್‌ಮೇಡಂ ಮಡಿಲಿಗೆ ಸುರಿದು ಬಟ್ಟೆ ಕೊಟ್ಟಳು. ಮಾವ ಅದನ್ನು ಬತ್ತಿಯಂತೆ ಹೊಸೆದು, ಹೆಬ್ಬೆರಳಿನಿಂದ ಸ್ವಲ್ಪಸ್ವಲ್ಪವೇ ಹರುಕಿಗೆ ತುರುಕಿದ. ನೀರು ನಿಂತಿತು, ಆದರೆ ಕೈ ತೆಗೆದರೆ ಬಟ್ಟೆ ಮತ್ತೆ ಮೇಲೇಳುತ್ತಿತ್ತು. "ಇದರ ಮ್ಯಾಲೆ ಭಾರ ಬೇಕು" ಎಂದ. ಸುತ್ತ ನೋಡಿದ. ಭಾರವಾದದ್ದು ಏನೂ ಇರಲಿಲ್ಲ. ಕೊನೆಗೆ ತಾನೇ ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ.

"ನಡೀ ಅಜ್ಜ. ದಡ ಬರೂತನ ನಾ ಏಳಂಗಿಲ್ಲ."

ಹೀಗೆ ನಾವು ದಡ ಸೇರಿದೆವು. ಹೆಡ್‌ಮೇಡಂ ಮಡಿಲ ತುಂಬ ರೊಟ್ಟಿ, ನಾನು ಅವರ ಬುತ್ತಿಯ ಸ್ಟೀಲ್ ಡಬ್ಬಿಯಿಂದ ನೀರು ಎತ್ತಿಹಾಕುತ್ತಿದ್ದೇನೆ, ನಡುವೆ ತೂತಿನ ಮೇಲೆ ಮಾವ ಧ್ಯಾನಕ್ಕೆ ಕುಳಿತವನಂತೆ. ದಡದಲ್ಲಿ ಎದ್ದಾಗ ಅವನ ಪ್ಯಾಂಟಿನ ಹಿಂಭಾಗದಲ್ಲಿ ದುಂಡಗೆ ಒದ್ದೆಯಾಗಿತ್ತು. ಮೊದಲೇ ಬಂದು ಕಾಯುತ್ತಿದ್ದ ಶಿಕ್ಷಕರು ಅದನ್ನು ನೋಡಿ, ಪಾಪ, ಬೇರೆಯೇ ಅರ್ಥ ಮಾಡಿಕೊಂಡರು. ಅವರಿಗೆ ನಿಜ ತಿಳಿಸಲು ಹೆಡ್‌ಮೇಡಂ ಒಂದು ಬಂಡೆಯ ಮೇಲೆ ನಿಂತು ಐದು ನಿಮಿಷ ಮಾತಾಡಬೇಕಾಯಿತು.

ಅಜ್ಜ ಹರಿಗೋಲನ್ನು ಮಗುಚಿ, ಹರುಕನ್ನು ನೋಡಿ, ಮಾವನ ಹತ್ತಿರ ಬಂದ. "ಕ್ಯಾಪ್ಟನ್ ಇದ್ದಿದ್ರ ಇವತ್ತು ಹಡಗಿನ ಜೋಡಿ ಮುಳುಗತಿದ್ದ್ರಿ. ಫಿಟ್ಟರ್ ಇದ್ರಿ, ಚಲೋ ಆತು" ಎಂದ. ಮಾವ ಡಾಂಬರು ಎಲ್ಲಿದೆ ಎಂದು ಕೇಳಿದ. ನಾವೆಲ್ಲ ವಿಠ್ಠಲ ದೇವಸ್ಥಾನ ನೋಡಿಕೊಂಡು ಬರುವವರೆಗೆ ಅವರಿಬ್ಬರೂ ಸೌದೆ ಉರಿಯ ಮುಂದೆ ಕುಳಿತು ತಗಡಿನ ಡಬ್ಬದಲ್ಲಿ ಡಾಂಬರು ಕಾಯಿಸುತ್ತಿದ್ದರು. ಮಾವನ ಬಿಳಿ ಶರ್ಟಿನ ತೋಳು ಕಪ್ಪಾಗಿತ್ತು. ಅತ್ತೆ ದೂರದಿಂದಲೇ ಅದನ್ನು ನೋಡಿ ನಿಟ್ಟುಸಿರಿಟ್ಟಳು.

ಮುಂದಿನ ತಿಂಗಳು ಹೆಡ್‌ಮೇಡಂ ಅವನನ್ನು ಮತ್ತೆ ಶಾಲೆಗೆ ಕರೆಸಿದರು, ಈ ಸಲ ಇಂಜಿನ್ ರೂಮಿನ ಬಗ್ಗೆ ಮಾತಾಡಲಿಕ್ಕೆ. ಅವನು ಸೀಲಿಂಗ್ ನೋಡಲಿಲ್ಲ. ಇಂಜಿನ್ನಿನ ಸದ್ದು ಹೇಗಿರುತ್ತದೆಂದು ಮೇಜಿನ ಮೇಲೆ ಅಂಗೈ ಬಡಿದು ತೋರಿಸಿದ. ಸದ್ದಿನಲ್ಲಿ ಒಂದು ಬಡಿತ ತಪ್ಪಿದರೆ ನಿದ್ದೆಯಲ್ಲಿದ್ದವನಿಗೂ ಎಚ್ಚರವಾಗುತ್ತದೆ ಎಂದ. ಕುದುರೆಯ ವಿಷಯ ಕೇಳಿದ್ದಕ್ಕೆ, "ಅದನ್ನ ನಿಮ್ಮ ಟೀಚರ್‌ಗೆ ಕೇಳ್ರಿ" ಎಂದು ನನ್ನ ಕಡೆ ಕೈ ತೋರಿಸಿದ. ನಾನು ಓದಿ ನೋಡಿ, ಕುದುರೆಗೆ ವಾಂತಿ ಮಾಡಲು ಬರುವುದೇ ಇಲ್ಲ ಎಂದು ಕಂಡುಕೊಂಡದ್ದು ಆಮೇಲೆ.

ಆ ದಿನ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ನಾನು ಕೇಳಿದೆ. "ಮಾವ, ಸಮುದ್ರ ನೋಡೇ ಇಲ್ಲೇನು ನೀನು?"

"ಕಂಡೀನಿ, ಯವ್ವಾ. ನೋಡಿಲ್ಲ" ಎಂದ. "ಡ್ಯೂಟಿ ಮುಗಿಸಿ ಮ್ಯಾಲೆ ಬಂದ್ರ ಕಣ್ಣು ಎಳೀತಿದ್ದವು. ಉಂಡು ಮಲಗತಿದ್ದೆ."

ದೀಪಾವಳಿ ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಗೋಕರ್ಣಕ್ಕೆ ಹೋದರು. ಅತ್ತೆ ಸಮುದ್ರದ ದಂಡೆಯಿಂದಲೇ ನನಗೆ ಫೋನ್ ಮಾಡಿದಳು. ಹಿಂದೆ ಗಾಳಿಯ ಸದ್ದು.

"ಬಂದು ಒಂದ ತಾಸಾತು. ನಿಮ್ಮ ಮಾವ ಉಸುಕಿನ್ಯಾಗ ಕುಂತಾರ, ಏಳವಲ್ಲರು. ಒಂದ ಸವನ ನೋಡಾಕ ಹತ್ತ್ಯಾರ."

"ನಿನಗೆ ಹೆಂಗನ್ನಿಸ್ತು ಅತ್ತಿ?"

ಅವಳು ಮಾವನಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ಚಲೋ ಐತಿ ಬಿಡು. ಆದ್ರ ನಮ್ಮ ಹೊಳಿಗಾದ್ರ ಆಚಿ ದಂಡಿ ಕಾಣತೈತಿ ನೋಡು. ಇದಕ ಅದೂ ಇಲ್ಲ."