ಮಗಳ ಪರೀಕ್ಷೆಗೆ ರಾಯದುರ್ಗದಲ್ಲಿ ನಾನು ಕೂತದ್ದು

ಮಡಕಶಿರದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ಪಾವಗಡದಲ್ಲಿ ಒಂದು ಸಲ, ಕಲ್ಯಾಣದುರ್ಗದಲ್ಲಿ ಒಂದು ಸಲ ಬಸ್ಸು ಬದಲಿಸಬೇಕಾಯಿತು. ಎರಡು ಕಡೆಯೂ ಹೆಚ್ಚು ಕಾಯಿಸಲಿಲ್ಲ, ಕಿಟಕಿ ಪಕ್ಕದ ಸೀಟೂ ಸಿಕ್ಕಿತು, ದೇವರು ದೊಡ್ಡವನು. ಕಲ್ಯಾಣದುರ್ಗದಿಂದ ಮುಂದಕ್ಕೆ ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ಕಾಲ ಬಳಿ ಕಡಲೆಬೀಜದ ಉಂಡೆಯ ಡಬ್ಬಿ ಇಟ್ಟುಕೊಂಡಿದ್ದೆ. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು.

ಮಗಳು ಪವಿತ್ರ ರಾಯದುರ್ಗದ ಹೊರಗಿನ ಒಂದು ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಾಳೆ, ಅಲ್ಲೇ ಹಾಸ್ಟೆಲಿನಲ್ಲಿದ್ದಾಳೆ. ಪ್ರಾಜೆಕ್ಟ್ ಪರೀಕ್ಷೆಯ ದಿನ ಮನೆಯಿಂದ ಒಬ್ಬರು ಬರಬೇಕು ಎಂದು ಫೋನು ಮಾಡಿದ್ದಳು. ನಮ್ಮ ಮನೆಯವರು ಕರೆಂಟಿನ ಇಲಾಖೆಯಲ್ಲಿ ಲೈನ್‌ಮನ್. ಅವರೇ ಹೊರಟಿದ್ದರು. "ಅಪ್ಪ ಬೇಡ್ವಂತೆ ಕಣಮ್ಮ. ಏನೂ ಗೊತ್ತಿಲ್ದೋರೇ ಬೇಕಂತೆ, ನೀನೇ ಬಾ. ಸುಮ್ನೆ ಕೂತ್ಕೊಂಡು ಅರ್ಥ ಆಯ್ತು ಅಂತ ಹೇಳ್ಬಿಡು ಸಾಕು" ಎಂದಳು. ಈ ಪರೀಕ್ಷೆ ದಾಟಿದವರನ್ನು ಮಾತ್ರ ರಜೆಯಲ್ಲಿ ಬಳ್ಳಾರಿಯ ಕಾರ್ಖಾನೆಯೊಂದಕ್ಕೆ ತರಬೇತಿಗೆ ಕಳಿಸುತ್ತಾರೆ. ಅವಳಿಗೆ ಅದರದೇ ಜಪ.

ರಾಯದುರ್ಗದಲ್ಲಿ ಇಳಿದು ಮಂಡಕ್ಕಿಯ ವಗ್ಗಾಣಿ, ಮಿರ್ಚಿ ತಿಂದೆ. ಬೆಟ್ಟದ ಕಡೆ ಹೋಗಿ ದಶಭುಜ ಗಣಪತಿಗೆ ಕಾಯಿ ಒಡೆಸಿದೆ. ಕಾಯಿ ಸಮನಾಗಿ ಎರಡು ಹೋಳಾಯಿತು. ಇನ್ನೇನೂ ಭಯವಿಲ್ಲ ಎಂದುಕೊಂಡು ಆಟೋ ಹತ್ತಿದೆ. ದಾರಿಯುದ್ದಕ್ಕೂ ಮನೆಮನೆಯಿಂದ ಜೀನ್ಸ್ ಹೊಲಿಯುವ ಮಿಷಿನ್ ಸದ್ದು.

ಕಾಲೇಜಿನಲ್ಲಿ ಮೇಡಂ ಒಬ್ಬರು "ಬರ್ರಿ, ಕುಂದರ್ರಿ" ಎಂದು ಮುಂದಿನ ಬೆಂಚಿನಲ್ಲಿ ಕೂರಿಸಿ ವಿಷಯ ತಿಳಿಸಿದರು. ಮಗಳು ಇದನ್ನು ಫೋನಿನಲ್ಲಿ ಹೇಳಿರಲೇ ಇಲ್ಲ. ಮಕ್ಕಳು ತಮ್ಮ ಪ್ರಾಜೆಕ್ಟನ್ನು ನಮಗೆ ವಿವರಿಸಬೇಕು. ಆಮೇಲೆ ನಾವು ಎದ್ದು ನಿಂತು, ತಿಳಿದದ್ದನ್ನು ನಮ್ಮ ಮಾತಿನಲ್ಲಿ ಮೇಡಂಗೆ ತಿರುಗಿ ಹೇಳಬೇಕು. ನಾವು ಹೇಳಿದಷ್ಟಕ್ಕೇ ಮಕ್ಕಳಿಗೆ ಮಾರ್ಕು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಅವತ್ತಿನಿಂದ ಯಾವ ಮೇಷ್ಟ್ರೂ ನನ್ನನ್ನು ಒಂದು ಪ್ರಶ್ನೆ ಕೇಳಿರಲಿಲ್ಲ.

ನನಗಿಂತ ಮೊದಲು ಎದ್ದವರು ಹತ್ತಿರದ ಹಳ್ಳಿಯ ತಿಪ್ಪೇಸ್ವಾಮಿ, ಕುರಿ ಸಾಕುವವರು. ಅವರ ಮಗ ಫೋನಿನಲ್ಲೇ ಎಲ್ಲವನ್ನೂ ಬಾಯಿಪಾಠ ಮಾಡಿಸಿದ್ದನಂತೆ. ಇಂಗ್ಲಿಷ್ ಮಾತುಗಳನ್ನು ಉಸಿರು ಬಿಡದೆ ಮಂತ್ರದ ಹಾಗೆ ಒಪ್ಪಿಸಿಬಿಟ್ಟರು. ನಾವೆಲ್ಲ ಬೆರಗಾದೆವು. ಹಾಗಂದರೇನು ಎಂದು ಮೇಡಂ ಕೇಳಿದರು. "ಅದನ್ನ ನನ್ನ ಮಗನ್ನ ಕೇಳ್ರಿ, ನನಗ ಇಷ್ಟ ಹೇಳಿಕೊಟ್ಟಾನ" ಎಂದು ಕೂತೇಬಿಟ್ಟರು. ಇಡೀ ರೂಮು ನಕ್ಕಿತು. ನನಗೆ ನಗು ಬರಲಿಲ್ಲ, ಮುಂದಿನ ಸರದಿ ನನ್ನದು.

ಪವಿತ್ರ ಮಾಡಿದ್ದು ಬೋರ್‌ವೆಲ್ ಮೋಟರಿಗೆ ಹಾಕುವ ಒಂದು ಪೆಟ್ಟಿಗೆ. ಬೋರಿನಲ್ಲಿ ನೀರು ಬತ್ತಿದರೆ ಅದು ಮೋಟರನ್ನು ತಾನೇ ನಿಲ್ಲಿಸುತ್ತದೆ. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಅವಳು ಬೋರ್ಡಿನ ಮುಂದೆ ನಿಂತು ಸೆನ್ಸರ್, ಥ್ರೆಶೋಲ್ಡ್, ರಿಲೇ ಎಂದು ಸರಸರ ಹೇಳುತ್ತ ಹೋದಳು. ಮುಗಿಸಿ ನನ್ನ ಕಡೆ ನೋಡಿ ಕಣ್ಣಲ್ಲೇ ಬೇಡಿಕೊಂಡಳು. ಈಗ ತಾನೇ ಗಣಪತಿಗೆ ಕೈಮುಗಿದು ಬಂದಿದ್ದೆ, ಸುಳ್ಳಿಗೆ ನಾಲಿಗೆ ಏಳಲಿಲ್ಲ.

"ಚೆನ್ನಾಗಿ ಹೇಳಿದ್ಲು ಮೇಡಂ. ನಂಗೆ ಒಂದೂ ಅರ್ಥ ಆಗ್ಲಿಲ್ಲ" ಎಂದೆ.

ಮೇಡಂ ಬೈಯಲಿಲ್ಲ. ಹೊರಗೆ ಹೋಗಿ ಇನ್ನೊಂದು ಸಲ ಹೇಳಿ ಬಾ ಎಂದು ಮಗಳನ್ನು ನನ್ನ ಜೊತೆ ಕಳಿಸಿದರು.

ಬೇವಿನ ಮರದ ಕೆಳಗೆ ಅವಳು ಅತ್ತಳು, ಒಂದು ಮಾತು ಹೇಳೋಕೆ ನಿಂಗೇನಾಗಿತ್ತು ಎಂದು ನನ್ನ ಮೇಲೆ ರೇಗಿದಳು. ಉಂಡೆ ಕೊಟ್ಟೆ, ತಿಂದಳು. ಆಮೇಲೆ ಮನೆ ಮಾತಿನಲ್ಲಿ ಶುರುಮಾಡಿದಳು. ಬೋರಿನಲ್ಲಿ ನೀರಿಲ್ಲದಿದ್ದರೆ ಮೋಟರಿಗೆ ಎತ್ತುವುದಕ್ಕೆ ಏನೂ ಇರುವುದಿಲ್ಲ, ಹಾಗಾಗಿ ಕಡಿಮೆ ಕರೆಂಟು ಎಳೆಯುತ್ತದೆ. ಪೆಟ್ಟಿಗೆ ಅದನ್ನು ಗುರುತಿಸಿ ಸ್ವಿಚ್ ಆರಿಸುತ್ತದೆ. ಆರಿಸದಿದ್ದರೆ ಮೋಟರು ಸುಟ್ಟುಹೋಗುತ್ತದೆ. ಈಗ ತಿಳಿಯಿತು. ಆದರೆ ಒಂದು ಕಡೆ ತಡೆಯಿತು.

"ತುಂಬಿದ ಕೊಡ ಹೊತ್ರೆ ಆಯಾಸ, ಸರಿ. ಖಾಲಿ ಕೊಡ ಹೊತ್ರೆ ಯಾಕೆ ಸುಡಬೇಕು?"

"ಅದು ಅಂಗೇ ಅಮ್ಮ, ಸುಡುತ್ತೆ."

"ಅದೇ, ಯಾಕೆ?"

ಅವಳು ನೋಟ್ಸಿನ ಹಾಳೆ ಹಿಂದೆ ಮುಂದೆ ತಿರುವಿದಳು, ಅದರಲ್ಲೂ ಇರಲಿಲ್ಲ. ಆ ಗಳಿಗೆಯಲ್ಲಿ ನನಗಾದ ಗಾಬರಿ ಹೇಳತೀರದು. ಪ್ರತಿ ಸಲವೂ ಫಸ್ಟ್ ಕ್ಲಾಸ್. ಊರಿನವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ತಿಪ್ಪೇಸ್ವಾಮಿಯವರನ್ನು ನೋಡಿ ನಕ್ಕವರಲ್ಲಿ ನನ್ನ ಮಗಳೂ ಇದ್ದಳು.

ಒಳಗೆ ಹೋದೆವು. ತಿಳಿದಷ್ಟನ್ನು ನಾನು ಹೇಳಿದೆ, ಖಾಲಿ ಕೊಡದ ಪ್ರಶ್ನೆಯನ್ನು ಮೇಡಂ ಮುಂದೆಯೂ ಇಟ್ಟೆ. ಪವಿತ್ರಳೇ ಎದ್ದು "ನಂಗೂ ಗೊತ್ತಿಲ್ಲ ಮೇಡಂ" ಎಂದಳು.

"ಗೊತ್ತಿಲ್ಲ ಅಂತ ನೀ ಇವತ್ತ ಮೊದಲ ಸಲ ಹೇಳಿದಿ ನೋಡು" ಎಂದರು ಮೇಡಂ. "ಮೂಲ್ಯಾಗ ಬೋರಿನ ಒಂದು ಹಳೇ ಪಂಪು, ಮೋಟರ್ ಐತಿ. ಬಿಚ್ಚು. ಸಂಜಿಮಟ ಟೈಮ್ ಐತಿ."

ಉತ್ತರ ಗೊತ್ತಿದ್ದೂ ಹೇಳಿಕೊಡದ ಮೇಷ್ಟ್ರನ್ನು ನಾನು ನೋಡಿದ್ದು ಇದೇ ಮೊದಲು. ಇಂಥವರಿಗೆ ಫೀಸು ಬೇರೆ ಕಟ್ಟಬೇಕೇ ಎಂದು ಆ ಹೊತ್ತಿಗೆ ಅನಿಸಿದ್ದು ನಿಜ. ಊರು ಸೇರುವ ಬಸ್ಸು ತಪ್ಪುತ್ತದೆಂದು ನಾನು ಹೊರಡಲೇಬೇಕಾಯಿತು. ತಿರುಗಿ ನೋಡಿದರೆ ಮಗಳು ದುಪಟ್ಟಾ ಸೊಂಟಕ್ಕೆ ಬಿಗಿದು, ಕೈಯಲ್ಲಿ ಸ್ಪ್ಯಾನರ್ ಹಿಡಿದು ನೆಲದ ಮೇಲೆ ಕೂತಿದ್ದಳು.

ಕಲ್ಯಾಣದುರ್ಗದ ಬಸ್ಸು ತುಂಬಿತ್ತು. ಜೀನ್ಸ್ ಹೊಲಿಯುವ ಹೆಂಗಸೊಬ್ಬಳು ಸರಿದು ಕೂತು ಜಾಗ ಕೊಟ್ಟಳು. ಅರ್ಧ ದಾರಿಯಲ್ಲಿ ಫೋನು ಬಂತು.

"ಅಮ್ಮ, ಬಿಚ್ಚಿ ನೋಡ್ದೆ. ಮೋಟರ್ ಇರೋದು ಪಂಪಿನ ಕೆಳಗೆ. ಮೇಲಕ್ಕೆ ಹೋಗೋ ನೀರು ಮೊದ್ಲು ಅದ್ರ ಮೈ ತೊಳ್ಕೊಂಡು ಹೋಗುತ್ತೆ. ನೀರು ಬರೀ ಹೊರೆ ಅಲ್ಲಮ್ಮ, ಅದನ್ನ ತಣ್ಣಗಿಡೋದೂ ನೀರೇ. ನೀರಿಲ್ದಿದ್ರೆ ಕಾವು ಹೋಗೋಕೆ ಜಾಗನೇ ಇಲ್ಲ."

ನಾನು ಹೂಂ ಎನ್ನುವಷ್ಟರಲ್ಲಿ ಫೋನಿನಲ್ಲಿ ಮೇಡಂ ದನಿ. "ಈಗ ನೀವು ಹೇಳ್ರಿ."

ಬಸ್ಸಿನಲ್ಲೇ ಪರೀಕ್ಷೆ. ಸೆರಗು ಸರಿಮಾಡಿಕೊಂಡು, ಇಂಜಿನ್ ಸದ್ದಿಗೆ ಮೇಲಾಗುವಂತೆ ಕೂಗಿ ಮೊದಲಿನಿಂದ ಕೊನೆವರೆಗೆ ಹೇಳಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. "ಆತ್ರಿ. ಬಳ್ಳಾರಿಗೆ ಹೋಗೋರ ಜೊತಿ ನಿಮ್ಮ ಮಗಳ ಹೆಸರೂ ಹಾಕ್ತೀನಿ" ಎಂದು ಮೇಡಂ ಫೋನಿಟ್ಟರು. ಗಣಪತಿ ಇದ್ದ ದಿಕ್ಕಿಗೆ ಕೈಮುಗಿದೆ. ಬೆಟ್ಟ ಆಗಲೇ ಕಣ್ಣಿಗೆ ಮರೆಯಾಗಿತ್ತು.

ಪಕ್ಕದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಹಂಗಾದ್ರ ನಮ್ಮ ಹೊಲಿಗಿ ಮಿಷಿನ್ ಮೋಟರಿಗೆ ನೀರೇ ಇಲ್ಲಲ್ರಿ. ಅದು ಯಾಕ ಸುಡಲ್ರಿ?" ಎಂದಳು.

ತುಂಬಿದ ಬಸ್ಸಿನಲ್ಲಿ, ಸ್ವಲ್ಪವೂ ನಾಚಿಕೆಯಾಗದೆ, ಗೊತ್ತಿಲ್ಲಮ್ಮ ಎಂದೆ. ಮಗಳಿಗೆ ಮತ್ತೆ ಫೋನು ಹಚ್ಚಿದೆ.