ಮೂರನೆಯ ಕ್ಯೂಬಿಟ್

ಗೊಬ್ಬೂರಿನ ಮಧುಮತಿ ತಾನು ಓದಿದ ಆಳಂದದ ಕಾಲೇಜಿಗೇ ಗುತ್ತಿಗೆ ಉಪನ್ಯಾಸಕಿಯಾಗಿ ಬಂದಳು. ಬಂದ ವರ್ಷವೇ ಅವಳ ತಲೆಗೆ ಕಟ್ಟಿದ ಕೆಲಸವೆಂದರೆ ಹಳೆಯ ಕ್ವಾಂಟಮ್ ಟೂಲ್‌ಕಿಟ್ಟನ್ನು ಹೊಸದಾಗಿ ಕಟ್ಟುವುದು. ಕ್ವಾಂಟಮ್ ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು, ಮಾಮೂಲಿ ಕಂಪ್ಯೂಟರಿನಲ್ಲೇ ಓಡಿಸಿ ಉತ್ತರ ನೋಡುವ ಸಾಧನ ಅದು. ವಿಭಾಗದ ಮುಖ್ಯಸ್ಥ ನರಸಿಂಹ ಹಿಂದೆ ಹಳೇ ಪೈಥಾನ್ ಭಾಷೆಯಲ್ಲಿ ಬರೆದದ್ದು. ಲ್ಯಾಬಿನ ಒಂದೇ ಯಂತ್ರದಲ್ಲಿ ಹೇಗೋ ಓಡುತ್ತಿತ್ತು.

ಮಧುಮತಿ ಲೆಕ್ಕದ ಭಾಗವನ್ನು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದಳು. ಮೊಬೈಲಿನ ಬ್ರೌಸರಿನಲ್ಲೂ ತೆರೆಯುವಂತೆ ಮಾಡಿದಳು. ಕೊನೆಗೆ ಹಳೆಯ ಪ್ರಾಕ್ಟಿಕಲ್ ಪ್ರಶ್ನೆಗಳನ್ನು ಎರಡರಲ್ಲೂ ಓಡಿಸಿ ತಾಳೆ ನೋಡಿದಾಗ ಒಂದಕ್ಕೆ ಉತ್ತರ ಬೇರೆ ಬಂತು. ತನ್ನದೇ ತಪ್ಪೆಂದು ಹುಡುಕಿದಳು. ಕಾಗದದ ಮೇಲೆ ಬಿಡಿಸಿದಳು. ತಪ್ಪು ಹಳೆಯದರಲ್ಲಿತ್ತು. ಕ್ವಾಂಟಮ್ ಲೆಕ್ಕದ ಬಿಟ್‌ಗಳಾದ ಕ್ಯೂಬಿಟ್‌ಗಳು ಎರಡೇ ಇದ್ದಾಗ ಸರಿ. ಮೂರನೆಯದು ಸೇರಿದರೆ ಅವುಗಳ ಕ್ರಮ ಅದಲುಬದಲಾಗುತ್ತಿತ್ತು.

ಆಗ ಸಹಪಾಠಿ ದೇವಾನಂದ ನೆನಪಾದ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ, "ನನ್ನ ಉತ್ತರ ಖರೇ ಐತ್ರಿ ಸರ್, ಟೂಲ್‌ಕಿಟ್ಟಿಂದೇ ತಪ್ಪೈತಿ" ಎಂದು ಹಟ ಹಿಡಿದಿದ್ದ. "ಕಂಪ್ಯೂಟರಿಗಿಂತ ಶ್ಯಾಣ್ಯಾ ಏನಲೇ ನೀ?" ಎಂದು ಇಡೀ ಲ್ಯಾಬ್ ನಗುವಂತೆ ಮಾಡಿ ನರಸಿಂಹ ಅವನನ್ನು ಫೇಲ್ ಮಾಡಿದ್ದರು. ಅವನು ಮತ್ತೆ ಪರೀಕ್ಷೆಗೆ ಬರಲೇ ಇಲ್ಲ. ಈಗ ಜೇವರ್ಗಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ.

ಮಧುಮತಿ ನರಸಿಂಹರ ಕೋಣೆಗೆ ನುಗ್ಗಿ ಕಾಗದ ಮುಂದಿಟ್ಟಳು. ಅವರು ನೋಡಿದರು, ಒಪ್ಪಿದರು ಕೂಡ. "ಸಣ್ಣ ಬಗ್ ಅದ. ಹೊಸಾದ್ರಾಗ ಸರಿ ಆತಲ್ಲ? ಹಳೀದು ಕೆದರಬ್ಯಾಡ್ರಿ."

"ಸಣ್ಣದು ಅಂತೀರೇನ್ರಿ? ಅಂವ ಓದೋದೇ ಬಿಟ್ಟಾನ್ರಿ! ಎಲ್ಲಾರ ಮುಂದ ನಿಂದ್ರಿಸಿ ನಗಿಸಿದ್ರಲ್ಲ, ಆವತ್ತ ಒಮ್ಮೆ ಬಿಡಿಸಿ ನೋಡಾಕ ಏನಾಗಿತ್ರಿ?"

"ದನಿ ಇಳಸ್ರಿ. ನೀವಿನ್ನೂ ಪರ್ಮನೆಂಟ್ ಆಗಿಲ್ಲ."

ಅವಳು ಇಳಿಸಲಿಲ್ಲ. ಅಂದೇ ಮರುಮೌಲ್ಯಮಾಪನ ಕೇಳಿ ಪ್ರಾಂಶುಪಾಲರಿಗೆ ಬರೆದಳು. ಹೊಸ ಟೂಲ್‌ಕಿಟ್ಟಿನ ಮೊದಲ ಪುಟದಲ್ಲೇ ಹಳೆಯದರ ತಪ್ಪನ್ನು ಬಿಚ್ಚಿಟ್ಟಳು. ಅಳಿಸಿ ಎಂದು ನರಸಿಂಹ ಹೇಳಿದರೂ ಅಳಿಸಲಿಲ್ಲ.

ಭಾನುವಾರ ಜೇವರ್ಗಿಗೆ ಹೋದಳು. ಮೊಬೈಲ್ ಬಿಚ್ಚುತ್ತಿದ್ದ ದೇವಾನಂದ ತಲೆ ಎತ್ತದೆ ಎಲ್ಲ ಕೇಳಿಸಿಕೊಂಡ.

"ನಂಗಿದು ಆವತ್ತೇ ಗೊತ್ತಿತ್ತು," ಎಂದ. ಸ್ಕ್ರೂಡ್ರೈವರ್ ಕೆಳಗಿಟ್ಟ. "ನೀ ಯಾಕ ಬಂದಿ? ಅಂವಗ ಬರಾಕ ಹೇಳ್."

ನರಸಿಂಹ ಹೋಗಲಿಲ್ಲ. ಮಧುಮತಿ ತಿಂಗಳುಗಟ್ಟಲೆ ಓಡಾಡಿದ ಮೇಲೆ ದೇವಾನಂದ ಪಾಸೆಂದು ತಿದ್ದಿದ ಅಂಕಪಟ್ಟಿ ಬಂತು. ಅದನ್ನು ಪಡೆಯಲು ಬಂದವನು ನೇರ ನರಸಿಂಹರ ಮೇಜಿನ ಮುಂದೆ ನಿಂತ. "ನಾ ಬರದಿದ್ದು ಖರೇ ಇತ್ತಂತ ಬಾಯಿಬಿಟ್ಟು ಹೇಳ್ರಿ." ಅವರು ಫೋನು ಕಿವಿಗಿಟ್ಟುಕೊಂಡು ಹೊರಗೆ ನಡೆದರು. ದೇವಾನಂದ ಸಂಜೆಯವರೆಗೂ ಅಲ್ಲೇ ನಿಂತಿದ್ದ. ಅವರು ಹಿಂದಿರುಗಲಿಲ್ಲ.

ಮುಂದಿನ ವರ್ಷ ಮಧುಮತಿಯ ಗುತ್ತಿಗೆ ಮುಂದುವರಿಯಲಿಲ್ಲ. ಈಗ ಅಫಜಲಪುರದಲ್ಲಿ ಪಾಠ ಮಾಡುತ್ತಾಳೆ. "ಇನ್ನರ ಸಿಟ್ಟು ಬಿಡವ್ವ," ಎಂದು ತಾಯಿ ಚಂದಮ್ಮ ಹೇಳಿದರೆ, "ಯಾಕ ಬಿಡಬೇಕು ಯವ್ವಾ?" ಎನ್ನುತ್ತಾಳೆ.