ಬು ವುರ್ಯಾನಿಯವರ ಸ್ಲೈಡುಗಳು
ಇಂಡೋನೇಷ್ಯಾದ ಸೋಲೊ ನಗರದ ಒಂದು ಕಾಲೇಜಿನಲ್ಲಿ ಹೊಸ ಮಕ್ಕಳಿಗೆ ಗ್ರಂಥಾಲಯದ ಪರಿಚಯ ಮಾಡಿಕೊಡುವ ದಿನ ಬಂತೆಂದರೆ, ಎಲ್ಲರೂ ಅಲ್ಲಿಯ ಮಾತಿನಲ್ಲಿ 'ಬು', ಅಂದರೆ ಅಮ್ಮ, ಎಂದೇ ಕರೆಯುವ ಗ್ರಂಥಪಾಲಕಿ ವುರ್ಯಾನಿಯವರನ್ನು ಹಿಡಿಯುವವರಿಲ್ಲ. ಆನ್‌ಲೈನಿನಲ್ಲಿ ಸ್ಲೈಡು ಮಾಡುವುದನ್ನು ಕಲಿತಂದಿನಿಂದ ಅವರ ಪರದೆಯ ಮೇಲೆ ಯಾವುದೂ ತೆಪ್ಪಗೆ ನಿಂತದ್ದಿಲ್ಲ. ಕಪಾಟುಗಳು ಗಿರಗಿರನೆ ತಿರುಗುತ್ತವೆ, ದಂಡದ ನಿಯಮಗಳು ಕಪ್ಪೆಯಂತೆ ಕುಪ್ಪಳಿಸಿಕೊಂಡು ಬರುತ್ತವೆ. "ಬು, ಇದೇನು ಮದ್ವೆ ವಿಡಿಯೋನಾ?" ಎಂದು ಹಿಂದಿನ ಸಾಲು ಕೆಣಕಿದರೆ, "ಹೂಂ, ನಿಮಗೂ ಪುಸ್ತಕಕ್ಕೂ" ಎನ್ನುತ್ತಾರೆ. "ಲೈಬ್ರರಿಗೆ ಯಾಕೆ ಬರ್ತೀರಿ? ಮೊಬೈಲಲ್ಲಿ ಬರೀರಿ, ಹೆಸರು ಬೇಡ" ಎನ್ನುವುದೇ ತಡ, ವೈಫೈ, ಎಸಿ, ನಿದ್ದೆ ಎಂಬ ಉತ್ತರಗಳು ಪರದೆ ತುಂಬುತ್ತವೆ. "ನಿದ್ದೆಗೆ ಎರಡನೇ ಮಹಡಿ. ಗೊರಕೆ ಹೊಡೆದ್ರೆ ಮಾತ್ರ ಎಬ್ಬಿಸ್ತೀನಿ" ಎಂದು ಒಂದೊಂದಕ್ಕೂ ದಾರಿ ಹೇಳುತ್ತಾರೆ. ಒಮ್ಮೆ ಮೂಲೆಯಲ್ಲಿ 'ಅಳೋಕೆ' ಎಂಬ ಪುಟ್ಟ ಉತ್ತರವೊಂದು ಮೂಡಿತು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಬು ನಗಲಿಲ್ಲ. "ಮೂರನೇ ಮಹಡಿ, ಭೂಪಟಗಳ ಹಿಂದೆ. ಆ ಕಡೆ ಯಾರೂ ಬರಲ್ಲ, ಕಿಟಕಿನೂ ಇದೆ" ಎಂದು ಅದೇ ದನಿಯಲ್ಲಿ ಹೇಳಿ ಮುಂದಕ್ಕೆ ಹೋದರು. ಆಮೇಲಿನ ವರ್ಷಗಳಲ್ಲಿ ಆ ಕುಣಿಯುವ ಸ್ಲೈಡುಗಳ ನಡುವೆ ಒಂದು ಮಾತ್ರ ಅಲುಗಾಡದೆ ನಿಲ್ಲುತ್ತದೆ. ಅದರಲ್ಲಿರುವುದು ಮೂರನೇ ಮಹಡಿಯ ಭೂಪಟಗಳ ಹಿಂದಿನ ಕಿಟಕಿ, ಅದರ ಪಕ್ಕ ಒಂದು ಕುರ್ಚಿ. ಅದು ಬಂದಾಗ ಮಾತ್ರ ಬು, ಬೇಕಾದವರು ದಾರಿ ನೆನಪಿಟ್ಟುಕೊಳ್ಳುವಷ್ಟು ಹೊತ್ತು, ಮುಂದಿನ ಸ್ಲೈಡಿಗೆ ಹೋಗುವುದಿಲ್ಲ.